ಬಟ್ಟೆ ವ್ಯಾಪಾರಿಗಳು ಬ್ಯಾಂಕರುಗಳಾದ ಬಗೆ: ಮರ್ಚೆಂಟ್ ಬ್ಯಾಂಕಿಂಗ್ ಹುಟ್ಟು, ಬೆಳವಣಿಗೆ

ದಾಖಲೆಪ್ರಿಯ

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಹಳೆಯ ಮರ್ಚೆಂಟ್ ಬ್ಯಾಂಕುಗಳ, ಅಂದರೆ ದೇಶದೇಶಗಳ ವ್ಯಾಪಾರಕ್ಕೂ ಸರ್ಕಾರಗಳ ಸಾಲಕ್ಕೂ ಹಣ ಒದಗಿಸುತ್ತಿದ್ದ ವ್ಯಾಪಾರಿ ಮನೆಗಳ, ವಂಶಾವಳಿ ಓದುತ್ತಾ ಹೋದಂತೆ ಒಂದೇ ಸಂಗತಿ ಮತ್ತೆ ಮತ್ತೆ ಎದುರಾಗುತ್ತಿದೆ. ಬೇರಿಂಗ್ ಮನೆತನದ ಹಿರಿಯ 1717ರಲ್ಲಿ ಜರ್ಮನಿಯ ಬ್ರೆಮೆನ್‌ನಿಂದ ಇಂಗ್ಲೆಂಡಿನ ಎಕ್ಸೆಟರ್‌ಗೆ ಬಂದದ್ದು ಉಣ್ಣೆ ವ್ಯಾಪಾರ ಕಲಿಯಲು. ಅವನ ಮಕ್ಕಳು 1762ರಲ್ಲಿ ಲಂಡನ್ನಿನಲ್ಲಿ ಪೇಢಿ ತೆರೆದರು. ನೇಥನ್ ರಾಥ್‌ಚೈಲ್ಡ್ ಲಂಡನ್ನಿಗೆ ಬರುವ ಮೊದಲು ಮ್ಯಾಂಚೆಸ್ಟರಿನಲ್ಲಿ ಹತ್ತಿ ಬಟ್ಟೆ ಕೊಂಡು ಯುರೋಪಿಗೆ ಕಳಿಸುತ್ತಿದ್ದ. ಅಲೆಗ್ಸಾಂಡರ್ ಬ್ರೌನ್ 1800ರಲ್ಲಿ ಬಾಲ್ಟಿಮೋರ್‌ಗೆ ಹೋಗಿ ಐರ್ಲೆಂಡಿನ ಲಿನನ್ ಮಾರುತ್ತಿದ್ದ. ಮುಂದೆ ಮಾರ್ಗನ್ ಬ್ಯಾಂಕಿಂಗ್ ಸಾಮ್ರಾಜ್ಯಕ್ಕೆ ಅಡಿಪಾಯ ಹಾಕಿದ ಜಾರ್ಜ್ ಪೀಬಡಿಯೂ ಅದೇ ಬಾಲ್ಟಿಮೋರಿನ ಬಟ್ಟೆ ವ್ಯಾಪಾರಿ. ಲಜಾರ್ ಸೋದರರು 1848ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ, ಲೀಮನ್ ಸೋದರರು ಅಲಬಾಮದ ಮಾಂಟ್ಗೊಮರಿಯಲ್ಲಿ ತೆರೆದದ್ದೂ ಬಟ್ಟೆಬರೆಯ ಅಂಗಡಿಗಳನ್ನೇ.

ನನ್ನ ಪ್ರಶ್ನೆ ಎರಡು. ಬಡ್ಡಿಗೆ ಸಾಲ ಕೊಡುವ ಸಾಹುಕಾರರು ಎಲ್ಲ ಕಾಲದಲ್ಲೂ ಇದ್ದರು. ಹಾಗಿದ್ದೂ ದೇಶದೇಶಗಳ ನಡುವಿನ ಹಣಕಾಸು ವ್ಯಾಪಾರಿಗಳ ಕೈಗೆ, ಅದರಲ್ಲೂ ಬಟ್ಟೆಯವರ ಕೈಗೆ ಹೋದದ್ದೇಕೆ? ಎರಡನೆಯದು, ಯುದ್ಧ, ಕ್ರಾಂತಿ, ದಿವಾಳಿ ಎಲ್ಲವನ್ನೂ ದಾಟಿ ಬಂದ ಈ ಲಂಡನ್ ಮನೆಗಳು 1989ರಿಂದ 2000ದ ನಡುವೆ ಒಂದರ ಹಿಂದೊಂದು ಬೇರೆಯವರ ಪಾಲಾದದ್ದೇಕೆ?

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಇವರ ನಿಜವಾದ ಸರಕು ಪತ್ತು. ದೂರದ ಊರಿನ ಯಾರ ಮಾತು ನಂಬಬಹುದು ಎನ್ನುವ ತಿಳಿವಳಿಕೆ, ಅದರ ಬೆನ್ನಿಗೆ ತಮ್ಮ ಹೆಸರು. ಹಣ ಆಮೇಲೆ ಬಂತು.

ಕಡಲದಾರಿ

ಬೇರಿಂಗ್‌ನಿಂದ ಶುರುಮಾಡಿದರೆ ಕಥೆಯ ಅರ್ಧ ಭಾಗ ಕೈತಪ್ಪುತ್ತದೆ. ಫ್ರಾನ್ಸಿನ ಶಾಂಪೇನ್ ಸೀಮೆಯ ಜಾತ್ರೆಗಳಿಂದ ನೋಡಬೇಕು. 12 ಮತ್ತು 13ನೇ ಶತಮಾನದಲ್ಲಿ ತ್ರ್ವಾ, ಪ್ರೊವೆನ್, ಲಾನಿ, ಬಾರ್-ಸುರ್-ಓಬ್ ಎಂಬ ನಾಲ್ಕು ಊರುಗಳಲ್ಲಿ ವರ್ಷಕ್ಕೆ ಆರು ಜಾತ್ರೆ ಸರದಿಯ ಮೇಲೆ ನಡೆಯುತ್ತಿದ್ದವು. ಉತ್ತರದಿಂದ ಫ್ಲಾಂಡರ್ಸಿನ ಉಣ್ಣೆ ಬಟ್ಟೆ, ದಕ್ಷಿಣದಿಂದ ಇಟಲಿಯವರ ರೇಷ್ಮೆ, ಮಸಾಲೆ. ಜಾತ್ರೆಯ ಕೊನೆಯ ದಿನಗಳು ಲೆಕ್ಕ ತೀರಿಸುವುದಕ್ಕೇ ಮೀಸಲು. ಅಲ್ಲಿ ಕೊಡುವುದು-ತೆಗೆದುಕೊಳ್ಳುವುದನ್ನು ವಜಾ ಹಾಕಿ, ಉಳಿದ ಬಾಕಿಯನ್ನು ಮುಂದಿನ ಜಾತ್ರೆಗೆ ಬರೆದುಕೊಡುತ್ತಿದ್ದರು. ನಾಣ್ಯದ ಚೀಲ ಹೊತ್ತು ಆಲ್ಪ್ಸ್ ದಾಟುವ ಅಪಾಯ ತಪ್ಪಿತು. ಆ ಬಾಕಿಯ ಚೀಟಿಯೇ ಮುಂದೆ ವಿನಿಮಯ ಬಿಲ್ ಆಗಿ, ಅಂದರೆ ಇಂಥ ಊರಿನಲ್ಲಿ ಇಂಥ ದಿನ ಇಷ್ಟು ಹಣ ಕೊಡಬೇಕು ಎಂದು ಬರೆದ ಕಾಗದವಾಗಿ ಬೆಳೆಯಿತು.

13ನೇ ಶತಮಾನದ ಕೊನೆಗೆ ಜಿನೋವಾದ ಹಡಗುಗಳು ನೇರವಾಗಿ ಫ್ಲಾಂಡರ್ಸಿಗೆ ಹೋಗತೊಡಗಿದವು. ವ್ಯಾಪಾರಿ ಸರಕಿನ ಜೊತೆ ತಾನೇ ತಿರುಗುವುದನ್ನು ಬಿಟ್ಟು, ತನ್ನ ಊರಿನಲ್ಲೇ ಕುಳಿತು ಬ್ರೂಜ್, ಲಂಡನ್, ಅವಿನ್ಯೋಂಗಳಲ್ಲಿ ಪ್ರತಿನಿಧಿಗಳನ್ನು ಇಟ್ಟುಕೊಂಡ. ಎಲ್ಲ ವ್ಯವಹಾರ ಕಾಗದದ ಮೇಲೆ. ಇಟಲಿಯ ಪ್ರಾತೊ ಊರಿನ ವ್ಯಾಪಾರಿ ದಾತಿನಿಯ ಪತ್ರಗಳೇ ಸುಮಾರು ಒಂದೂವರೆ ಲಕ್ಷ ಉಳಿದುಬಂದಿವೆ. ಯಾವ ಊರಿನಲ್ಲಿ ಯಾರ ಹಡಗು ಬಂತು, ಯಾರ ಕೈ ಬಿಗಿಯಾಗಿದೆ, ಯಾರು ಸಾಲ ತೀರಿಸಲು ಒದ್ದಾಡುತ್ತಿದ್ದಾರೆ ಎನ್ನುವ ಸುದ್ದಿ ದಿನವೂ ಬರುತ್ತಿದ್ದ ಮನುಷ್ಯನಿಗೆ ಹಣ ಕಳಿಸಿಕೊಡುವ ಕೆಲಸ ತಾನಾಗಿಯೇ ಒದಗಿಬಂತು. ಒಂದೇ ಊರಿನಲ್ಲಿ ಒತ್ತೆ ಇಟ್ಟುಕೊಂಡು ಸಾಲ ಕೊಡುವವನಿಗೆ ಆ ಸುದ್ದಿ ಸಿಗುತ್ತಲೇ ಇರಲಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ ಅಂತ ನನ್ನ ಎಣಿಕೆ.

ಜಮಾಖರ್ಚು

ಕಡಲದಾರಿಯವರು ಹೇಳಿದ ಬಿಲ್ಲಿನ ಒಳಗೆ ಲಾಭ ಎಲ್ಲಿ ಕೂತಿರುತ್ತದೆ ಎನ್ನುವುದನ್ನು ಲೆಕ್ಕ ಹಾಕಿ ನೋಡೋಣ. ಬಡ್ಡಿ ತೆಗೆದುಕೊಳ್ಳುವುದಕ್ಕೆ ಚರ್ಚಿನ ನಿಷೇಧವಿತ್ತು ಎನ್ನುವುದು ನೆನಪಿರಲಿ.

ವೆನಿಸ್‌ನಲ್ಲಿ ನಾನು ನಿಮಗೆ 1000 ಡ್ಯೂಕಾಟ್ (ಅಲ್ಲಿನ ಚಿನ್ನದ ನಾಣ್ಯ) ಕೊಡುತ್ತೇನೆ. ಇದಕ್ಕೆ ಬದಲಾಗಿ ಲಂಡನ್ನಿನಲ್ಲಿರುವ ನಿಮ್ಮವನು ನನ್ನವನಿಗೆ ಮೂರು ತಿಂಗಳ ಮೇಲೆ ಪೆನ್ನಿಗಳಲ್ಲಿ ಕೊಡಬೇಕು ಎಂದು ನೀವು ಬಿಲ್ ಬರೆದುಕೊಡುತ್ತೀರಿ. ದರ ಡ್ಯೂಕಾಟಿಗೆ 47 ಪೆನ್ನಿ ಎಂದಿಟ್ಟುಕೊಳ್ಳಿ. ಮೂರು ತಿಂಗಳಾದ ಮೇಲೆ ಲಂಡನ್ನಿನಲ್ಲಿ ನನ್ನವನ ಕೈಗೆ 47,000 ಪೆನ್ನಿ ಬರುತ್ತದೆ. ಅವನು ಅದನ್ನು ಅಲ್ಲೇ ಇನ್ನೊಬ್ಬನಿಗೆ ಕೊಟ್ಟು, ವೆನಿಸ್‌ನಲ್ಲಿ ಮತ್ತೆ ಮೂರು ತಿಂಗಳಿಗೆ ತೀರುವ ಬಿಲ್ ಕೊಳ್ಳುತ್ತಾನೆ. ಲಂಡನ್ ಪೇಟೆಯಲ್ಲಿ ಡ್ಯೂಕಾಟಿನ ದರ ಸ್ವಲ್ಪ ಕಡಿಮೆ, 44 ಪೆನ್ನಿ ಎಂದಿರಲಿ. 47,000ವನ್ನು 44ರಿಂದ ಭಾಗಿಸಿದರೆ 1068 ಡ್ಯೂಕಾಟ್. ಆರು ತಿಂಗಳಲ್ಲಿ 68 ಡ್ಯೂಕಾಟ್ ಹೆಚ್ಚಿಗೆ ಬಂತು. ಬಡ್ಡಿ ಎನ್ನುವ ಮಾತು ಯಾವ ಕಾಗದದಲ್ಲೂ ಇಲ್ಲ.

ಎರಡು ಊರುಗಳ ದರದ ನಡುವಿನ ಈ ಅಂತರ ಆಕಸ್ಮಿಕವಲ್ಲ, ಬಿಲ್ಲಿನ ವಾಯಿದೆಯ ಬೆಲೆ ಅದು. ಆದರೆ ಮೂರು ತಿಂಗಳ ಮೇಲೆ ಲಂಡನ್ ದರ 48 ಆಗಿಬಿಟ್ಟರೆ ನನಗೆ ನಷ್ಟ. ಹಾಗಾಗಿ ಈ ದಂಧೆ ಮಾಡುವವನಿಗೆ ಎರಡೂ ಪೇಟೆಗಳ ನಾಡಿ ಗೊತ್ತಿರಲೇಬೇಕು.

ಹೊಸಓದು

ಜಮಾಖರ್ಚು ಸರ್, ಈ ಲೆಕ್ಕ ನನ್ನಂಥ ವಿದ್ಯಾರ್ಥಿಗೂ ಅರ್ಥವಾಯಿತು ಅಂದಮೇಲೆ ಚರ್ಚಿನವರಿಗೆ ತಿಳಿಯದೇ ಇದ್ದೀತೇ? ಸುಮ್ಮನಿದ್ದರೇ?

ಜಮಾಖರ್ಚು

ಚೆನ್ನಾಗಿಯೇ ತಿಳಿದಿತ್ತು. ದರ ಏರಬಹುದು, ಇಳಿಯಬಹುದು, ಕೊಟ್ಟವನಿಗೆ ಲಾಭ ಖಚಿತವಿಲ್ಲ, ಆದ್ದರಿಂದ ಇದು ಸಾಲವಲ್ಲ, ನಾಣ್ಯದ ಕ್ರಯವಿಕ್ರಯ ಎನ್ನುವುದು ಒಂದು ಪಕ್ಷದ ವಾದ. ನಿಜವಾಗಿ ಸರಕು ಕೊಳ್ಳಲು, ಹಣ ಕಳಿಸಲು ಬರೆದ ಬಿಲ್ಲನ್ನು ಹೆಚ್ಚಿನವರು ಒಪ್ಪಿದರು. ಬರೀ ಕಾಗದದಲ್ಲೇ ಹೋಗಿಬರುವ, ಮೊದಲೇ ದರ ನಿಶ್ಚಯಿಸಿಕೊಂಡ ಬಿಲ್ಲನ್ನು 'ಒಣ ವಿನಿಮಯ' ಎಂದು ಕರೆದು ಖಂಡಿಸಿದರು. 1571ರಲ್ಲಿ ಪೋಪ್ ಐದನೇ ಪಯಸ್ ಅದನ್ನು ಆಜ್ಞೆ ಹೊರಡಿಸಿಯೇ ನಿಷೇಧಿಸಿದ. ಇಷ್ಟಾಗಿಯೂ ಫ್ಲಾರೆನ್ಸಿನ ಬ್ಯಾಂಕರ್ ಮನೆತನವಾದ ಮೆಡಿಚಿಗಳ ಅತಿ ಲಾಭದ ಶಾಖೆ ಬಹುಕಾಲ ರೋಮಿನದೇ. ಪೋಪನ ಆದಾಯ ಯುರೋಪಿನ ಮೂಲೆಮೂಲೆಯಿಂದ ರೋಮಿಗೆ ಬರಬೇಕಿತ್ತಲ್ಲ, ಅದನ್ನು ತರುವ ಕೆಲಸ ಇವರದು.

ಎದುರುವಾದಿ

ಎಲ್ಲರೂ ಪತ್ತು, ಹೆಸರು, ನಂಬಿಕೆ ಅನ್ನುತ್ತಿದ್ದೀರಿ. ನನಗೆ ಇದು ಒಪ್ಪಿಗೆಯಿಲ್ಲ. ರಾಜರು ಮತ್ತು ಯುದ್ಧ ಇಲ್ಲದಿದ್ದರೆ ಈ ಪೇಢಿಗಳು ಬರೀ ಸರಕು ಮಾರುವ ಪೇಢಿಗಳಾಗಿಯೇ ಉಳಿಯುತ್ತಿದ್ದವು.

ಫ್ಲಾರೆನ್ಸಿನ ಬಾರ್ದಿ, ಪೆರುಜ್ಜಿ ಮನೆಗಳನ್ನೇ ನೋಡಿ. ಅವರಿಗೆ ಇಂಗ್ಲೆಂಡಿನ ಉಣ್ಣೆ ಬೇಕಿತ್ತು. ಉಣ್ಣೆ ಹೊರಗೆ ಸಾಗಿಸಲು ರಾಜನ ಪರವಾನಗಿ ಬೇಕು. ಪರವಾನಗಿಯ ಬೆಲೆ ರಾಜನಿಗೆ ಸಾಲ. 1337ರಲ್ಲಿ ಮೂರನೇ ಎಡ್ವರ್ಡ್ ಫ್ರಾನ್ಸಿನ ಮೇಲೆ ಯುದ್ಧಕ್ಕೆ ನಿಂತ ಮೇಲೆ ಸಾಲ ಬೆಳೆಯುತ್ತಲೇ ಹೋಯಿತು, ಹಿಂದೆ ಸರಿಯುವ ದಾರಿ ಇರಲಿಲ್ಲ. ಪೆರುಜ್ಜಿ 1343ರಲ್ಲಿ, ಬಾರ್ದಿ 1346ರಲ್ಲಿ ಮುಳುಗಿದವು. ಮೆಡಿಚಿಗಳ ಬ್ರೂಜ್ ಶಾಖೆಯ ಪೋರ್ತಿನಾರಿ ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ಗೆ ಮಿತಿಮೀರಿ ಕೊಟ್ಟ, 1477ರಲ್ಲಿ ಚಾರ್ಲ್ಸ್ ರಣರಂಗದಲ್ಲಿ ಸತ್ತ, ಹಣ ಹೋಯಿತು. ಆಗ್ಸ್‌ಬರ್ಗಿನ ಯಾಕೋಬ್ ಫುಗ್ಗರ್ ಮನೆತನವೂ ಬಟ್ಟೆಯಿಂದಲೇ ಮೇಲೆ ಬಂದದ್ದು. 1519ರಲ್ಲಿ ಪವಿತ್ರ ರೋಮನ್ ಸಾಮ್ರಾಟನ ಚುನಾವಣೆಯಲ್ಲಿ ಐದನೇ ಚಾರ್ಲ್ಸ್ ಪರವಾಗಿ ಖರ್ಚಾದ ಸುಮಾರು ಎಂಟೂವರೆ ಲಕ್ಷ ಫ್ಲೋರಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಅವನೊಬ್ಬನದೇ. ಅದಕ್ಕೆ ಬದಲಾಗಿ ಗಣಿಗಳ ಹಕ್ಕು, ಭೂಮಿಯ ಆದಾಯ. ಇದರಲ್ಲಿ ನಂಬಿಕೆಯ ಮಾತೆಲ್ಲಿ ಬಂತು? ಅಧಿಕಾರಕ್ಕೆ ಹಣ, ಹಣಕ್ಕೆ ಹಕ್ಕು. ಅಷ್ಟೇ.

ಕಡಲದಾರಿ

ನೀವು ಕೊಟ್ಟ ಉದಾಹರಣೆಗಳೆಲ್ಲ ಮುಳುಗಿದವರವು ಅಥವಾ ರಾಜರ ಸಾಲದಿಂದ ಮುಂದೆ ಕಷ್ಟಕ್ಕೆ ಬಿದ್ದವರವು, ಗಮನಿಸಿ. ಬಾರ್ದಿಗಳು ಮುಳುಗಿದ್ದಕ್ಕೆ ಎಡ್ವರ್ಡ್ ಒಬ್ಬನೇ ಕಾರಣ ಎನ್ನುವುದನ್ನೂ ಇತಿಹಾಸಕಾರರೆಲ್ಲ ಒಪ್ಪುವುದಿಲ್ಲ, ಫ್ಲಾರೆನ್ಸಿನ ಸ್ವಂತ ಯುದ್ಧಗಳ ಖರ್ಚೂ ಇತ್ತು. ಈ ಅನುಭವದಿಂದಲೇ ಮುಂದಿನವರು ಬೇರೆ ದಾರಿ ಹುಡುಕಿದರು. ಮೆಡಿಚಿಗಳು 1397ರಲ್ಲಿ ಶುರುಮಾಡಿದಾಗ ಪ್ರತಿ ಶಾಖೆಯನ್ನೂ ಬೇರೆಯೇ ಪಾಲುದಾರಿಕೆ ಮಾಡಿದರು. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ತಗುಲಬಾರದು ಅಂತ. ಆದರೂ 1494ರ ಹೊತ್ತಿಗೆ ಎಲ್ಲ ಮುಗಿದಿತ್ತು, ಅದು ಬೇರೆ.

ನಿಜವಾದ ಬದಲಾವಣೆ ಆಮ್ಸ್ಟರ್‌ಡ್ಯಾಮ್‌ನಲ್ಲಿ, ಆಮೇಲೆ ಲಂಡನ್ನಿನಲ್ಲಿ ಆಯಿತು. ರಾಜನಿಗೆ ತಾನೇ ಸಾಲ ಕೊಟ್ಟು ಕೂರುವ ಬದಲು, ಸಾಲವನ್ನು ಬಾಂಡುಗಳಾಗಿ, ಅಂದರೆ ಬಡ್ಡಿ ತರುವ ಸಾಲಪತ್ರಗಳಾಗಿ, ತುಂಡರಿಸಿ ಸಾವಿರಾರು ಜನರಿಗೆ ಮಾರುವುದು. ಪೇಢಿಯ ಪಾಲಿಗೆ ಕಮಿಷನ್ನು, ಜೊತೆಗೆ ಬಾಂಡಿನ ಮೇಲೆ ತನ್ನ ಹೆಸರು.

ದಾಖಲೆಪ್ರಿಯ

ಅದಕ್ಕೆ 1803ರ ಲೂಸಿಯಾನ ಖರೀದಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಮೆರಿಕ ನೆಪೋಲಿಯನ್ನನಿಂದ ಮಿಸಿಸಿಪ್ಪಿಯ ಪಶ್ಚಿಮದ ವಿಶಾಲ ನೆಲ ಕೊಂಡದ್ದು 1.5 ಕೋಟಿ ಡಾಲರಿಗೆ. ಅದರಲ್ಲಿ 1.125 ಕೋಟಿಗೆ ಶೇ. 6ರ ಬಾಂಡು ಬರೆದುಕೊಟ್ಟಿತು. ನೆಪೋಲಿಯನ್ನನಿಗೆ ಬೇಕಿದ್ದದ್ದು ನಗದು, ಯುದ್ಧಕ್ಕೆ. ಆ ಬಾಂಡುಗಳನ್ನು 100ಕ್ಕೆ 87.5ರ ದರದಲ್ಲಿ ಕೊಂಡವರು ಆಮ್ಸ್ಟರ್‌ಡ್ಯಾಮಿನ ಹೋಪ್ ಮತ್ತು ಲಂಡನ್ನಿನ ಬೇರಿಂಗ್. ಬ್ರಿಟನ್ ಆಗ ಫ್ರಾನ್ಸಿನೊಡನೆ ಯುದ್ಧದಲ್ಲಿತ್ತು! ಶತ್ರುವಿನ ಕೈಗೆ ಹಣ ಸೇರಿಸುವ ವ್ಯವಹಾರಕ್ಕೆ ಲಂಡನ್ನಿನ ಪೇಢಿಯೊಂದು ನಡುವೆ ನಿಂತಿತು ಎನ್ನುವುದನ್ನು ನೆನೆದರೆ ಈಗಲೂ ಬೆರಗಾಗುತ್ತದೆ.

ಇನ್ನೊಂದು, ಜರ್ಮನ್ ರಾಜ್ಯವಾದ ಪ್ರಷ್ಯ 1818ರಲ್ಲಿ ಎತ್ತಿದ ಸಾಲ. 50 ಲಕ್ಷ ಪೌಂಡ್. ನೇಥನ್ ರಾಥ್‌ಚೈಲ್ಡ್ ಅದನ್ನು ಪ್ರಷ್ಯದ ನಾಣ್ಯವಾದ ಥೇಲರಿನಲ್ಲಿ ಬರೆಯದೆ ಪೌಂಡಿನಲ್ಲಿ ಬರೆಸಿದ, ಬಡ್ಡಿಯನ್ನು ಲಂಡನ್ನಿನಲ್ಲೇ ಕೊಡುವ ಏರ್ಪಾಡು ಮಾಡಿದ. ಇಂಗ್ಲೆಂಡಿನ ಒಬ್ಬ ವಿಧವೆ ಬರ್ಲಿನ್ ಕಡೆ ಮುಖ ಹಾಕದೆ ಪ್ರಷ್ಯದ ರಾಜನಿಗೆ ಸಾಲ ಕೊಡಬಹುದಾಯಿತು. ಐವರು ಅಣ್ಣತಮ್ಮಂದಿರು ಫ್ರಾಂಕ್‌ಫರ್ಟ್, ವಿಯೆನ್ನಾ, ಲಂಡನ್, ನೇಪಲ್ಸ್, ಪ್ಯಾರಿಸ್‌ಗಳಲ್ಲಿ ಕೂತಿದ್ದರಿಂದ ಇಂಥ ಬಾಂಡನ್ನು ಹಲವು ಪೇಟೆಗಳಲ್ಲಿ ಒಟ್ಟಿಗೆ ಮಾರುವುದು ಅವರಿಗೆ ಸುಲಭವಾಯಿತು.

ಎದುರುವಾದಿ

ಹಾಗಾದರೆ ಇನ್ನೊಂದು ಸಾಲವನ್ನೂ ಪಟ್ಟಿಗೆ ಸೇರಿಸಿ. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಲು 1833ರಲ್ಲಿ ಕಾಯ್ದೆ ತಂದಾಗ 2 ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿತು. ಪರಿಹಾರ ಯಾರಿಗೆ? ಗುಲಾಮರ ಒಡೆಯರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ. ಅದಕ್ಕಾಗಿ 1835ರಲ್ಲಿ 1.5 ಕೋಟಿ ಪೌಂಡ್ ಸಾಲ ಎತ್ತಿಕೊಟ್ಟವರು ನೇಥನ್ ರಾಥ್‌ಚೈಲ್ಡ್ ಮತ್ತು ಮೋಸೆಸ್ ಮಾಂಟೆಫಿಯೋರಿ. ಆ ಸಾಲದ ಪಳೆಯುಳಿಕೆ ಬೇರೆ ಸಾಲಗಳಲ್ಲಿ ಬೆರೆತು ಬ್ರಿಟಿಷ್ ಖಜಾನೆಯ ಲೆಕ್ಕದಿಂದ ಪೂರ್ತಿ ಹೋದದ್ದು 2015ರಲ್ಲಿ.

1863ರಲ್ಲಿ ಅಮೆರಿಕದ ಅಂತರ್ಯುದ್ಧದ ನಡುವೆ ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳಿಗೆ 30 ಲಕ್ಷ ಪೌಂಡ್ ಬಾಂಡು ಹೊರಡಿಸಿದ್ದು ಪ್ಯಾರಿಸ್‌ನ ಎರ್ಲಾಂಜೆ. ಲಂಡನ್ನಿನಲ್ಲಿ ಅದನ್ನು ನಿಭಾಯಿಸಿದ್ದು ಶ್ರೋಡರ್. ಬಾಂಡು ಇಟ್ಟುಕೊಂಡವರು ಪೌಂಡು ತೂಕಕ್ಕೆ 6 ಪೆನ್ನಿಯಂತೆ ಹತ್ತಿ ತೆಗೆದುಕೊಳ್ಳಬಹುದು ಎಂಬ ಕರಾರು. ಲಿವರ್‌ಪೂಲ್ ಪೇಟೆಯಲ್ಲಿ ಹತ್ತಿಗೆ ಅದರ ಎಷ್ಟೋ ಪಟ್ಟು ಬೆಲೆ ಇತ್ತು, ಅದೇ ಆಸೆಗೆ ಜನ ಮುಗಿಬಿದ್ದರು. ಹತ್ತಿ ಮಾತ್ರ ನೌಕಾ ದಿಗ್ಬಂಧನದ ಒಳಗೆ! ದಕ್ಷಿಣ ಸೋತಿತು, ಕಾಗದ ಕಸವಾಯಿತು.

ಬಟ್ಟೆ ವ್ಯಾಪಾರ ಎಂದು ಮೊದಲ ಪೋಸ್ಟಿನಲ್ಲಿ ಬರೆದಿದ್ದೀರಲ್ಲ, ಆ ಬಟ್ಟೆಯ ಹತ್ತಿ ಬೆಳೆದವರು ಯಾರು ಎನ್ನುವುದನ್ನು ಬಿಟ್ಟು ಈ ಚರಿತ್ರೆ ಬರೆಯುವುದು ನ್ಯಾಯವಲ್ಲ.

ದಾಖಲೆಪ್ರಿಯ

ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹೆಸರಿಗೆ ಬೆಲೆ ಇತ್ತು ಅಂದಾಕ್ಷಣ ಆ ಹೆಸರು ಒಳ್ಳೆಯ ಕೆಲಸಕ್ಕೇ ಬಳಕೆಯಾಯಿತು ಅಂತಲ್ಲ. ಹತ್ತಿಗೆ ಮುಂಗಡ ಕೊಟ್ಟ ಪೇಢಿಗಳಿಗೆ ಸಾಲ ವಾಪಸು ಬರದಿದ್ದಾಗ ತೋಟಗಳೇ, ಅಲ್ಲಿ ದುಡಿಯುತ್ತಿದ್ದ ಗುಲಾಮರ ಸಮೇತ, ಅವರ ಕೈಗೆ ಬಂದದ್ದೂ ಉಂಟು. ಬ್ರೌನ್ ಸೋದರರ ವಿಷಯದಲ್ಲಿ ಅದು ದಾಖಲಾಗಿದೆ.

ಹೊಸಓದು

ಇಲ್ಲಿ 'ಅಕ್ಸೆಪ್ಟಿಂಗ್ ಹೌಸ್' ಅನ್ನುವ ಮಾತು ಇನ್ನೂ ಬಂದಿಲ್ಲ. ಪುಸ್ತಕಗಳಲ್ಲಿ ಮರ್ಚೆಂಟ್ ಬ್ಯಾಂಕಿನ ಜೊತೆ ಅದು ಸದಾ ಇರುತ್ತದೆ. ಬಿಲ್ಲಿಗೆ ಒಪ್ಪಿಗೆ ಸಹಿ ಹಾಕುವುದು ಅಂತ ಗೊತ್ತು. ಅದರಲ್ಲಿ ಅಷ್ಟು ದೊಡ್ಡ ವ್ಯವಹಾರ ಏನಿತ್ತು?

ಜಮಾಖರ್ಚು

ಮರ್ಚೆಂಟ್ ಬ್ಯಾಂಕಿನ ಹೊಟ್ಟೆಪಾಡೇ ಅದು. ರಾಜರ ಸಾಲ ವರ್ಷಕ್ಕೊಂದೆರಡು ಬಂದರೆ ಹೆಚ್ಚು, ಬಿಲ್ಲು ದಿನವೂ ಬರುತ್ತಿತ್ತು. ನಿಧಾನವಾಗಿ ಹೇಳುತ್ತೇನೆ.

19ನೇ ಶತಮಾನದ ನಡುವೆ ಹ್ಯಾಂಬರ್ಗಿನ ವ್ಯಾಪಾರಿಯೊಬ್ಬ ಬ್ರೆಜಿಲಿನ ರಿಯೋದಿಂದ ಕಾಫಿ ತರಿಸಬೇಕು ಎಂದುಕೊಳ್ಳಿ. ರಿಯೋದವನಿಗೆ ಹ್ಯಾಂಬರ್ಗಿನವನ ಪರಿಚಯವಿಲ್ಲ, ಉದ್ರಿ ಕೊಡಲಾರ. ಹ್ಯಾಂಬರ್ಗಿನವನಿಗೆ ಕಾಫಿ ಬಂದು ಮಾರಾಟವಾಗುವ ತನಕ ಕೈಯಲ್ಲಿ ಹಣವಿಲ್ಲ. ಆಗ ಅವನು ಲಂಡನ್ನಿನ ಒಂದು ಪೇಢಿಯ ಮೊರೆ ಹೋಗುತ್ತಾನೆ. ಪೇಢಿ ಅವನನ್ನು ಬಲ್ಲದು. 'ನಮ್ಮ ಹೆಸರಿಗೆ 90 ದಿನದ ಬಿಲ್ ಬರೆಯಬಹುದು' ಎಂದು ರಿಯೋಗೆ ಪತ್ರ ಹೋಗುತ್ತದೆ. ಕಾಫಿ ಹಡಗು ಹತ್ತಿದ ಕೂಡಲೇ ರಿಯೋದವನು 1000 ಪೌಂಡಿಗೆ ಬಿಲ್ ಬರೆದು, ಸರಕಿನ ಕಾಗದಪತ್ರ ಲಗತ್ತಿಸಿ, ತನ್ನ ಊರಿನಲ್ಲೇ ಮಾರಿ ಹಣ ತೆಗೆದುಕೊಳ್ಳುತ್ತಾನೆ. ಬಿಲ್ ಲಂಡನ್ನಿಗೆ ಬರುತ್ತದೆ. ಪೇಢಿಯ ಪಾಲುದಾರ ಅದರ ಮೇಲೆ 'ಒಪ್ಪಿದೆ' ಎಂದು ಸಹಿ ಮಾಡುತ್ತಾನೆ.

ಆ ಕ್ಷಣದಿಂದ ಅದು ಗುರುತಿಲ್ಲದ ಇಬ್ಬರ ನಡುವಿನ ಕಾಗದವಲ್ಲ. ಲಂಡನ್ನಿನ ಯಾವ ಡಿಸ್ಕೌಂಟ್ ಸಂಸ್ಥೆಯಾದರೂ ಅದನ್ನು ಕಡಿಮೆ ದರದಲ್ಲಿ ವಟಾಯಿಸುತ್ತದೆ, ಅಂದರೆ ಗಡುವಿಗೆ ಮೊದಲೇ ಸ್ವಲ್ಪ ಮುರಿದುಕೊಂಡು ಹಣ ಕೊಡುತ್ತದೆ. ಇಂಗ್ಲೆಂಡಿನ ಯಾವುದೋ ಮೂಲೆಯ ಬ್ಯಾಂಕು ತನ್ನಲ್ಲಿ ಸುಮ್ಮನೆ ಕೂತ ಹಣಕ್ಕೆ ಅದನ್ನು ಕೊಂಡಿಟ್ಟುಕೊಳ್ಳುತ್ತದೆ. 90ನೇ ದಿನಕ್ಕೆ ಮೊದಲು ಹ್ಯಾಂಬರ್ಗಿನವನು ಕಾಫಿ ಮಾರಿ ಪೇಢಿಗೆ 1000 ಪೌಂಡ್ ಕಳಿಸುತ್ತಾನೆ, ಪೇಢಿ ಬಿಲ್ ತೀರಿಸುತ್ತದೆ.

ಈಗ ನೋಡಿ, ಪೇಢಿ ತನ್ನ ತಿಜೋರಿಯಿಂದ ಒಂದು ಪೌಂಡನ್ನೂ ತೆಗೆಯಲಿಲ್ಲ. ಸಹಿಗೆ ಶೇ. 1 ಎಂದು ಹಿಡಿದರೂ 10 ಪೌಂಡ್ ಕಮಿಷನ್. ಹಣ ಕೊಟ್ಟದ್ದು ಬಿಲ್ ಕೊಂಡವರು. ಹ್ಯಾಂಬರ್ಗಿನವನು ಕೈಯೆತ್ತಿದರೆ ಮಾತ್ರ ಪೇಢಿ ಸ್ವಂತ ಗಂಟಿನಿಂದ ತೀರಿಸಬೇಕು. ಹಾಗಾಗಿ ತನ್ನ ಬಂಡವಾಳದ ಹಲವು ಪಟ್ಟು ಬಿಲ್ಲಿಗೆ ಸಹಿ ಹಾಕಲು ಸಾಧ್ಯವಿತ್ತು. ಎಷ್ಟು ಪಟ್ಟು ಎನ್ನುವುದೇ ಎಚ್ಚರಿಕೆಯ ಅಳತೆ. ಬ್ರಿಟನ್ನಿನ ದಡವನ್ನೇ ಮುಟ್ಟದ ಸರಕಿಗೂ ಲಂಡನ್ ಬಿಲ್ ಬಳಕೆಯಾಯಿತು ಎನ್ನುವುದರಲ್ಲೇ ಆ ಪೇಟೆಯ ಹಿರಿಮೆ ಇದೆ.

ನಿಧಾನಿ

ಇಷ್ಟು ಹೊತ್ತು ಓದುತ್ತಿದ್ದೆ. ಬಟ್ಟೆಯೇ ಏಕೆ ಎನ್ನುವ ಪ್ರಶ್ನೆಗೆ ಜಮಾಖರ್ಚು ಅವರ ಈ ಪೋಸ್ಟಿನಲ್ಲೇ ಸುಳಿವಿದೆ. ಬಟ್ಟೆ ದೂರದೇಶಕ್ಕೆ ಹೋಗುತ್ತಿದ್ದ ತಯಾರಿ ಸರಕುಗಳಲ್ಲೆಲ್ಲ ದೊಡ್ಡದು, ಮತ್ತು ಉದ್ದುದ್ದ ಉದ್ರಿಯ ಮೇಲೆ ಮಾರಾಟವಾಗುತ್ತಿದ್ದದ್ದು. ಕುರಿಯ ಉಣ್ಣೆಯಿಂದ ಅಂಗಡಿಯ ಥಾನಿನ ತನಕ ಹತ್ತಾರು ಕೈ ದಾಟಬೇಕು, ಪ್ರತಿ ಕೈಯಲ್ಲೂ ತಿಂಗಳುಗಟ್ಟಲೆ ಹಣ ಕಟ್ಟಿಬೀಳುತ್ತದೆ. ಬಟ್ಟೆ ರಫ್ತು ಮಾಡುವವನು ಸಾಗರದಾಚೆಯ ಅಂಗಡಿಯವನಿಗೆ ಆರು ತಿಂಗಳು, ವರ್ಷ ಗಡುವು ಕೊಡುತ್ತಿದ್ದ. ಯಾರಿಗೆ ಕೊಡಬಹುದು, ಯಾರಿಗೆ ಕೂಡದು ಎಂದು ತೂಗಿನೋಡುವುದು ಅವನ ನಿತ್ಯದ ಕೆಲಸ. ಆ ತೂಕ ಕೈಗೆ ಹತ್ತಿದ ಮೇಲೆ ಸರಕು ಬಿಟ್ಟು ಬರೀ ತೂಕದ ಕೆಲಸಕ್ಕೇ ನಿಂತರು.

ಬೇರಿಂಗ್‌ನವರು 1830ರ ಸುಮಾರಿಗೆ ಬಾಸ್ಟನ್‌ನಲ್ಲಿ ಥಾಮಸ್ ರೆನ್ ವಾರ್ಡ್ ಎಂಬ ಪ್ರತಿನಿಧಿಯನ್ನು ಇಟ್ಟಿದ್ದರು. ಅಮೆರಿಕದ ವ್ಯಾಪಾರಿಗಳ ಆಸ್ತಿ, ಸಾಲ, ಸ್ವಭಾವ, ಯಾರ ಜೊತೆ ಓಡಾಟ ಎಲ್ಲವನ್ನೂ ವಿಚಾರಿಸಿ ಲಂಡನ್ನಿಗೆ ಬರೆಯುವುದು ಅವನ ಮುಖ್ಯ ಕೆಲಸ. 1837ರ ಬಿಕ್ಕಟ್ಟಿನಲ್ಲಿ ಅಮೆರಿಕದ ವ್ಯಾಪಾರಕ್ಕೆ ಧಾರಾಳವಾಗಿ ಸಹಿ ಹಾಕಿದ್ದ ವಿಗ್ಗಿನ್, ವೈಲ್ಡ್ಸ್, ವಿಲ್ಸನ್ ಎಂಬ ಮೂರು ಲಂಡನ್ ಪೇಢಿಗಳು ಉರುಳಿದವು. ಬೇರಿಂಗ್ ಮುಂಚೆಯೇ ಕೈ ಬಿಗಿಹಿಡಿದಿತ್ತು, ಉಳಿಯಿತು.

ಎದುರುವಾದಿ

ಉಳಿದ ಬೇರಿಂಗ್ 1890ರಲ್ಲಿ ಏನಾಯಿತು ಎನ್ನುವುದನ್ನೂ ಹೇಳಿ. ಅಪಾರ ಹೆಸರು, ಪಾಲುದಾರರ ಹೊಣೆಗೆ ಮಿತಿಯಿಲ್ಲ, ಮನೆಮಠ ಸಮೇತ ಎಲ್ಲ ಪಣಕ್ಕಿಟ್ಟ ಪದ್ಧತಿ. ಹಾಗಿದ್ದೂ ಅರ್ಜೆಂಟೀನಾದ ಮೇಲೆ ಕಣ್ಣುಮುಚ್ಚಿ ಹೋದರಲ್ಲ? ಸ್ವಂತ ಆಸ್ತಿ ಪಣಕ್ಕಿದ್ದರೆ ಎಚ್ಚರ ತಾನಾಗಿ ಬರುತ್ತದೆ ಎನ್ನುವ ವಾದ ಅಲ್ಲಿಗೆ ಮುಗಿಯುತ್ತದೆ.

ನಿಧಾನಿ

ಎಚ್ಚರ ತಾನಾಗಿ ಬರುವುದಿಲ್ಲ, ಸರಿ. 1888ರಲ್ಲಿ ಬ್ಯೂನಸ್ ಐರಿಸ್ ನಗರದ ನೀರು ಮತ್ತು ಚರಂಡಿ ಕಂಪನಿಯ ಷೇರು-ಬಾಂಡುಗಳನ್ನು ಬೇರಿಂಗ್ ತಾನೇ ವಹಿಸಿಕೊಂಡಿತು. ಕೊಳ್ಳುವವರು ಬರಲಿಲ್ಲ, ಕಾಗದ ಪೇಢಿಯಲ್ಲೇ ಉಳಿಯಿತು. ಆಮೇಲೆ ಅರ್ಜೆಂಟೀನಾದ ಹಣಕಾಸೇ ಕುಸಿಯಿತು. ಮುಖ್ಯ ಪಾಲುದಾರ ಲಾರ್ಡ್ ರೆವೆಲ್‌ಸ್ಟೋಕ್ ಒಬ್ಬನ ಮಾತೇ ನಡೆಯುತ್ತಿತ್ತು, ತಡೆಯುವವರಿರಲಿಲ್ಲ. ಬೇರಿಂಗ್ ಸಹಿಯ ಬಿಲ್ಲುಗಳು ಲೋಕದ ತುಂಬ ಇದ್ದವು. ಅದು ಬಿದ್ದರೆ ಲಂಡನ್ ಬಿಲ್ಲಿನ ಮೇಲಿನ ನಂಬಿಕೆಯೇ ಬೀಳುತ್ತಿತ್ತು.

ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ವಿಲಿಯಂ ಲಿಡ್ಡರ್‌ಡೇಲ್ ಮೊದಲು ಚಿನ್ನ ತರಿಸಿದ. ಫ್ರಾನ್ಸಿನ ಕೇಂದ್ರ ಬ್ಯಾಂಕಿನಿಂದ 30 ಲಕ್ಷ ಪೌಂಡ್, ರಷ್ಯದಿಂದ 15 ಲಕ್ಷ. ಆಮೇಲೆ ಲಂಡನ್ನಿನ ಬ್ಯಾಂಕುಗಳನ್ನೂ ಪೇಢಿಗಳನ್ನೂ ಕೂರಿಸಿ, ಬೇರಿಂಗ್ ಸಾಲಕ್ಕೆ ಎಲ್ಲರೂ ಒಟ್ಟಾಗಿ ಜಾಮೀನು ನಿಲ್ಲುವಂತೆ ಮಾಡಿದ. ಆ ನಿಧಿ ಕೊನೆಗೆ ಸುಮಾರು 1.7 ಕೋಟಿ ಪೌಂಡಿಗೆ ಮುಟ್ಟಿತು. ಬೇರಿಂಗ್‌ನ ಎದುರಾಳಿಗಳೂ ಹಣ ಬರೆದರು, ಏಕೆಂದರೆ ಅವರ ಸಹಿಯ ಬೆಲೆಯೂ ಅದೇ ದಾರದಲ್ಲಿ ನೇತಾಡುತ್ತಿತ್ತು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಮಿತಿಯಿಲ್ಲದ ಹೊಣೆ ಮೂರ್ಖತನವನ್ನು ತಡೆಯಲಿಲ್ಲ, ಆದರೆ ನಷ್ಟ ಯಾರ ತಲೆಗೆ ಎನ್ನುವುದನ್ನು ತೀರ್ಮಾನಿಸಿತು. ಪಾಲುದಾರರ ಬಂಗಲೆ, ಜಮೀನು ಮಾರಾಟಕ್ಕೆ ಹೋದವು, ಸಾಲ ಕೊಟ್ಟವರ ಬಾಕಿ ತೀರಿತು. ಹೊಸ ಬೇರಿಂಗ್ ಹುಟ್ಟಿದ್ದು ಸೀಮಿತ ಹೊಣೆಯ ಕಂಪನಿಯಾಗಿ. ಆ ದಿನದಿಂದ ಬೇರೆಯೇ ಅಧ್ಯಾಯ.

ಕಡಲದಾರಿ

1914 ಅದಕ್ಕಿಂತ ದೊಡ್ಡ ಪೆಟ್ಟು. ಯುದ್ಧ ಶುರುವಾದ ಕೂಡಲೇ ಜರ್ಮನಿ, ಆಸ್ಟ್ರಿಯಾದ ಗಿರಾಕಿಗಳಿಂದ ಹಣ ಬರುವ ದಾರಿ ಮುಚ್ಚಿತು. ಅವರ ಪರವಾಗಿ ಸಹಿ ಹಾಕಿದ ಲಂಡನ್ ಪೇಢಿಗಳು ತಮ್ಮ ಗಂಟಿನಿಂದ ತೀರಿಸಬೇಕು, ಅಷ್ಟು ಗಂಟು ಯಾರ ಬಳಿಯೂ ಇರಲಿಲ್ಲ. ಆಗಸ್ಟ್ 2ರಂದು ಸರ್ಕಾರ ಬಿಲ್ಲುಗಳ ಗಡುವು ಮುಂದೂಡಿತು, ಬ್ಯಾಂಕ್ ಆಫ್ ಇಂಗ್ಲೆಂಡ್ ಹಣ ಒದಗಿಸಿತು. ಆಗಲೇ ಸಹಿ ಹಾಕುವ ಪೇಢಿಗಳು ಅಕ್ಸೆಪ್ಟಿಂಗ್ ಹೌಸಸ್ ಕಮಿಟಿ ಎಂಬ ಒಕ್ಕೂಟ ಕಟ್ಟಿಕೊಂಡದ್ದು. ಅಮೆರಿಕದಲ್ಲಿ 1913ರ ಫೆಡರಲ್ ರಿಸರ್ವ್ ಕಾಯ್ದೆ ಅಲ್ಲಿನ ಬ್ಯಾಂಕುಗಳಿಗೆ ಬಿಲ್ಲಿಗೆ ಸಹಿ ಹಾಕುವ ಅನುಮತಿ ಕೊಟ್ಟಿತ್ತು. ಯುದ್ಧ ನಡೆಯುತ್ತಿದ್ದಂತೆ ಬಿಲ್ಲಿನ ವ್ಯವಹಾರದ ದೊಡ್ಡ ಪಾಲು ನ್ಯೂಯಾರ್ಕಿಗೆ ಜಾರಿತು. 1931ರಲ್ಲಿ ಜರ್ಮನಿಯ ಬಾಕಿ ಮತ್ತೆ ಸಿಕ್ಕಿಕೊಂಡಿತು. ಅಲ್ಲಿಂದ ಮುಂದೆ ಬರೀ ಬಿಲ್ಲು ನಂಬಿ ಬದುಕುವಂತಿರಲಿಲ್ಲ.

ದಾಖಲೆಪ್ರಿಯ

ಎರಡನೇ ಮಹಾಯುದ್ಧದ ನಂತರ ದಾರಿ ತೋರಿಸಿದವನು ಹೊರಗಿನಿಂದ ಬಂದ ಸೀಗ್‌ಮಂಡ್ ವಾರ್ಬರ್ಗ್. ಹಿಟ್ಲರನ ಜರ್ಮನಿ ಬಿಟ್ಟು ಬಂದವನು, 1946ರಲ್ಲಿ ತನ್ನ ಹೆಸರಿನ ಬ್ಯಾಂಕು ಮಾಡಿದ. 1958-59ರಲ್ಲಿ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಗಾಗಿ ನಡೆದ ಹೋರಾಟದಲ್ಲಿ ಆಡಳಿತ ಮಂಡಳಿಯ ಬೆನ್ನಿಗೆ ಲಜಾರ್, ಹ್ಯಾಂಬ್ರೋ ಮೊದಲಾದ ಹಳೆಯ ಮನೆಗಳು ನಿಂತಿದ್ದವು. ವಾರ್ಬರ್ಗ್ ಪೇಟೆಯಲ್ಲಿ ನೇರವಾಗಿ ಷೇರು ಕೊಳ್ಳುತ್ತಾ ಹೋಗಿ ತನ್ನ ಕಕ್ಷಿದಾರರನ್ನು ಗೆಲ್ಲಿಸಿದ. ಕಂಪನಿಗಳ ಸ್ವಾಧೀನಕ್ಕೆ ಸಲಹೆ ಕೊಟ್ಟು ಶುಲ್ಕ ಪಡೆಯುವುದೇ ಒಂದು ಕಸುಬು ಎನ್ನುವುದು ಅಲ್ಲಿಂದ ಗಟ್ಟಿಯಾಯಿತು.

ಜುಲೈ 1963ರಲ್ಲಿ ಇಟಲಿಯ ಹೆದ್ದಾರಿ ಸಂಸ್ಥೆ ಔಟೋಸ್ಟ್ರಾಡೆಗೆ 1.5 ಕೋಟಿ ಡಾಲರ್ ಬಾಂಡು ಹೊರಡಿಸಿದ. ಯುರೋಪಿನಲ್ಲಿ ಸುತ್ತಾಡುತ್ತಿದ್ದ ಡಾಲರನ್ನು ನ್ಯೂಯಾರ್ಕಿಗೆ ಹೋಗದೆಯೇ ಲಂಡನ್ನಿನವರು ಎತ್ತಿಕೊಟ್ಟರು. ಬ್ರಿಟನ್ನಿನ ಸ್ಟಾಂಪು ಸುಂಕ ತಪ್ಪಿಸಲು ಬಾಂಡುಗಳನ್ನು ಆಮ್ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಕೊಟ್ಟರಂತೆ ಲೆಕ್ಕ. ಅದೇ ತಿಂಗಳು ಅಮೆರಿಕ ವಿದೇಶಿ ಬಾಂಡುಗಳ ಮೇಲೆ ತೆರಿಗೆ ಘೋಷಿಸಿದ್ದು ಈ ಯೂರೋಬಾಂಡ್ ಪೇಟೆಗೆ ಗಾಳಿ ಬೀಸಿದಂತಾಯಿತು. ಪ್ರಷ್ಯ ಸಾಲದ ಚಾತುರ್ಯವೇ ಮತ್ತೆ ಬಂದಿತ್ತು: ಸಾಲಗಾರ ಒಂದು ದೇಶ, ನಾಣ್ಯ ಇನ್ನೊಂದರದು, ಪೇಟೆ ಮೂರನೆಯದರದು.

ಹೊಸಓದು

ಇಷ್ಟೆಲ್ಲ ಜಾಣತನ ಇದ್ದವರು 1989ರಿಂದ ಮುಂದೆ ಸೋತದ್ದೇಕೆ? ಎರಡನೇ ಪ್ರಶ್ನೆ ಹಾಗೇ ಉಳಿದಿದೆ.

ಜಮಾಖರ್ಚು

ಬಂಡವಾಳ. 1986ರ ಅಕ್ಟೋಬರ್ 27ರಂದು ಲಂಡನ್ ಷೇರುಪೇಟೆಯ ಹಳೆಯ ಕಟ್ಟುಪಾಡುಗಳು ಒಂದೇ ದಿನ ಹೋದವು. ದಲ್ಲಾಳಿಯ ನಿಗದಿತ ಕಮಿಷನ್ ಇಲ್ಲ, ದಲ್ಲಾಳಿಗೂ ತನ್ನ ಲೆಕ್ಕದಲ್ಲಿ ಕೊಂಡುಮಾರುವವನಿಗೂ ಇದ್ದ ಬೇಲಿ ಇಲ್ಲ, ವಿದೇಶಿಯರಿಗೆ ಬಾಗಿಲು ಪೂರ್ತಿ ತೆರೆಯಿತು. ಇನ್ನು ಮುಂದೆ ಬಾಂಡು, ಷೇರು ಹೊರಡಿಸುವವನು ರಾತ್ರೋರಾತ್ರಿ ಇಡೀ ಇಶ್ಯೂವನ್ನು ತಾನೇ ಕೊಂಡು ಇಟ್ಟುಕೊಳ್ಳಬಲ್ಲವನಾಗಿರಬೇಕು. ಅದಕ್ಕೆ ಬೇಕಾದ ಗಂಟು ಅಮೆರಿಕದ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳ ಹತ್ತಿರ ಇತ್ತು, ಲಂಡನ್ ಮನೆಗಳ ಹತ್ತಿರ ಇರಲಿಲ್ಲ. ಮಾರ್ಗನ್ ಗ್ರೆನ್‌ಫೆಲ್ 1989ರಲ್ಲಿ ಡಾಯ್ಚ ಬ್ಯಾಂಕಿಗೆ, ವಾರ್ಬರ್ಗ್ 1995ರಲ್ಲಿ ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್ನಿಗೆ, ಕ್ಲೈನ್‌ವರ್ಟ್ ಬೆನ್ಸನ್ ಅದೇ ವರ್ಷ ಡ್ರೆಸ್ಡ್ನರ್‌ಗೆ, ಫ್ಲೆಮಿಂಗ್ 2000ದಲ್ಲಿ ಚೇಸ್‌ಗೆ ಹೋದವು. ಶ್ರೋಡರ್ ಆಸ್ತಿ ನಿರ್ವಹಣೆ ಇಟ್ಟುಕೊಂಡು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗನ್ನು 2000ದಲ್ಲಿ ಸಿಟಿಗ್ರೂಪ್‌ಗೆ ಮಾರಿತು.

ನಿಧಾನಿ

ಬಂಡವಾಳ ಒಂದು ಕಾರಣ, ಒಪ್ಪಿದೆ. ಬೇರಿಂಗ್‌ನ ಕೊನೆ ಮಾತ್ರ ಬಂಡವಾಳದ ಕೊರತೆಯಿಂದ ಆದದ್ದಲ್ಲ. ಸಿಂಗಪುರದ ಕಚೇರಿಯಲ್ಲಿ ನಿಕ್ ಲೀಸನ್ ಎಂಬ ಒಬ್ಬನೇ ವ್ಯವಹಾರ ಮಾಡುತ್ತಿದ್ದ, ಅದರ ಲೆಕ್ಕ ಒಪ್ಪಿಸುವ ವಿಭಾಗವೂ ಅವನ ಕೈಯಲ್ಲೇ ಇತ್ತು. ನಷ್ಟವನ್ನೆಲ್ಲ 88888 ಎಂಬ ಖಾತೆಗೆ ತುಂಬಿ ಮುಚ್ಚಿಟ್ಟ. 1995ರ ಜನವರಿ 17ರ ಕೋಬೆ ಭೂಕಂಪದ ಬಳಿಕ ಜಪಾನಿನ ಸೂಚ್ಯಂಕ ಇಳಿದಷ್ಟೂ ಇನ್ನಷ್ಟು ಕೊಂಡ. ಒಟ್ಟು ನಷ್ಟ 82.7 ಕೋಟಿ ಪೌಂಡ್. ಲಂಡನ್ನಿನಿಂದ ಕೇಳಿದಾಗಲೆಲ್ಲ ಹಣ ಹೋಗುತ್ತಿತ್ತು, ಯಾರ ಪರವಾಗಿ ಎಂದು ಕೊನೆಯ ತನಕ ಯಾರೂ ಒತ್ತಿ ಕೇಳಲಿಲ್ಲ. ಸಾಗರದಾಚೆಯ ಅಪರಿಚಿತ ವ್ಯಾಪಾರಿಯ ಸ್ವಭಾವ ತಿಳಿಯಲು ಬಾಸ್ಟನ್‌ನಲ್ಲಿ ಮನುಷ್ಯನನ್ನು ಇಟ್ಟಿದ್ದ ಮನೆ, ತನ್ನದೇ ನೌಕರನ ಖಾತೆ ಏನು ಹೇಳುತ್ತಿದೆ ಎಂದು ನೋಡಲಿಲ್ಲ. ನನಗೆ ಇದು ನಿಜವಾಗಿ ನೋವಿನ ಸಂಗತಿ.

ನೆದರ್ಲೆಂಡ್ಸಿನ ಐಎನ್‌ಜಿ ಬ್ಯಾಂಕು ಬೇರಿಂಗನ್ನು ಕೊಂಡದ್ದು 1 ಪೌಂಡಿಗೆ. ಷೇರು ಇದ್ದದ್ದು ಬೇರಿಂಗ್ ಹೆಸರಿನ ದತ್ತಿ ಸಂಸ್ಥೆಯ ಬಳಿ, ಅದರ ಆ ಆಸ್ತಿ ಹೋಯಿತು. ಸಾಲಪತ್ರ ಕೊಂಡ ಹೊರಗಿನವರಲ್ಲಿ ಹಲವರ ಹಣ ಹೋಯಿತು. ಹಿಂದಿನ ವರ್ಷದ ಬೋನಸ್ಸನ್ನು ಹೊಸ ಒಡೆಯರು ಉದ್ಯೋಗಿಗಳಿಗೆ ಕೊಟ್ಟರು. 1890ರಲ್ಲಿ ಬಂಗಲೆ ಮಾರಿದ ಪಾಲುದಾರರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಎದುರುವಾದಿ

ಈ ಹೋಲಿಕೆ ನನ್ನನ್ನು ಸ್ವಲ್ಪ ಅಲುಗಾಡಿಸಿತು. ಆದರೂ ಒಂದು ಪ್ರಶ್ನೆ. ರಾಥ್‌ಚೈಲ್ಡ್ ಮತ್ತು ಲಜಾರ್ ಹೇಗೆ ಉಳಿದವು? ಅವೂ ಈಗ ಮಿತಿಯಿಲ್ಲದ ಹೊಣೆಯ ಪಾಲುದಾರಿಕೆಗಳಲ್ಲವಲ್ಲ.

ನಿಧಾನಿ

ಅಲ್ಲ. ರಾಥ್‌ಚೈಲ್ಡ್ ಲಂಡನ್ ಮನೆ 1970ರ ತನಕ ಪಾಲುದಾರಿಕೆಯಾಗಿತ್ತು, ಆಮೇಲೆ ಕಂಪನಿ. ಅವರಿಬ್ಬರೂ ಹೊಸ ಆಟದ ದೊಡ್ಡ ಪಣಕ್ಕೆ ಇಳಿಯಲಿಲ್ಲ. ಸಾವಿರಾರು ಕೋಟಿಯ ಷೇರು-ಬಾಂಡು ಕೊಂಡು ಇಟ್ಟುಕೊಳ್ಳುವ ಓಟ ಬಿಟ್ಟು, ಕಂಪನಿಗಳ ಖರೀದಿ-ವಿಲೀನಕ್ಕೆ, ಸಾಲದಲ್ಲಿ ಸಿಕ್ಕ ಸರ್ಕಾರಗಳಿಗೆ ಸಲಹೆ ಕೊಡುವುದು, ಇತರರ ಆಸ್ತಿ ನೋಡಿಕೊಳ್ಳುವುದು, ಇಷ್ಟಕ್ಕೆ ನಿಂತರು. ಅದಕ್ಕೆ ದೊಡ್ಡ ಗಂಟು ಬೇಡ.

ಹಳೆಯ ಕಸುಬಿನ ಇನ್ನೊಂದು ತುಂಡು ಅಮೆರಿಕದಲ್ಲಿ ಬೆಳೆಯಿತು. ಅಲ್ಲಿ ಈಗ ಮರ್ಚೆಂಟ್ ಬ್ಯಾಂಕಿಂಗ್ ಅಂದರೆ ಬ್ಯಾಂಕು ಸ್ವಂತ ಹಣ ಹಾಕಿ ಕಂಪನಿಗಳಲ್ಲಿ ಪಾಲು ಕೊಳ್ಳುವುದು. 1933ರ ಗ್ಲಾಸ್-ಸ್ಟೀಗಲ್ ಕಾಯ್ದೆ ಠೇವಣಿಯ ಬ್ಯಾಂಕನ್ನೂ ಷೇರು-ಬಾಂಡಿನ ವ್ಯವಹಾರವನ್ನೂ ಬೇರ್ಪಡಿಸಿತ್ತು. ಮಾರ್ಗನ್ ಮನೆ ಒಡೆದು 1935ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಹುಟ್ಟಿದ್ದು ಹಾಗೆ. 1999ರ ಗ್ರಾಮ್-ಲೀಚ್-ಬ್ಲೈಲಿ ಕಾಯ್ದೆ ಆ ಗೋಡೆಯ ಮುಖ್ಯ ಭಾಗ ಕೆಡವಿ, ಹಣಕಾಸು ಹೋಲ್ಡಿಂಗ್ ಕಂಪನಿಗಳಿಗೆ ಇಂಥ ಪಾಲು ಇಟ್ಟುಕೊಳ್ಳಲು ಬಿಟ್ಟಿತು. ಸಾಮಾನ್ಯವಾಗಿ ಹತ್ತು ವರ್ಷದ ಮಿತಿ ಉಂಟು, ದಿನನಿತ್ಯದ ಆಡಳಿತಕ್ಕೆ ಕೈಹಾಕುವಂತಿಲ್ಲ.

ಜಮಾಖರ್ಚು

ಬಿಲ್ಲಿನ ಕಥೆಗೆ ಒಂದು ಸೇರ್ಪಡೆ. ಇಂದು ಸರಕು ಹಡಗು ಹತ್ತುವಾಗ ಬ್ಯಾಂಕುಗಳು ಕೊಡುವ ಲೆಟರ್ ಆಫ್ ಕ್ರೆಡಿಟ್ ಒಳಗೆ ಇರುವುದು ರಿಯೋ ಕಾಫಿಯ ಅದೇ ತಂತ್ರ: ಸರಕಿನ ಕಾಗದಪತ್ರ ಸರಿಯಿದ್ದರೆ ಕೊಳ್ಳುವವನ ಬದಲು ನಾನು ಕೊಡುತ್ತೇನೆ ಎನ್ನುವ ಮೂರನೆಯವನ ಮಾತು. ಆ ಕೆಲಸ ಈಗ ದೊಡ್ಡ ವಾಣಿಜ್ಯ ಬ್ಯಾಂಕುಗಳದು. ಹೊಸಓದು ಅವರೇ, ನಿಮಗೆ ಆಸಕ್ತಿ ಇದ್ದರೆ ಅಲ್ಲಿಂದ ಹಿಂದಕ್ಕೆ ಓದುತ್ತಾ ಬನ್ನಿ. ಸಹಿ ಹಾಕಿದವನು ಯಾವ ಕಾಗದ ಪರೀಕ್ಷಿಸುತ್ತಾನೆ, ಎಷ್ಟು ದಿನದ ಗಡುವು, ತಪ್ಪಿದರೆ ಯಾರ ಆಸ್ತಿಗೆ ಕೈ ಹೋಗುತ್ತದೆ, ಈ ಮೂರನ್ನು ಪ್ರತಿ ಕಾಲದಲ್ಲೂ ಕೇಳಿಕೊಳ್ಳಿ.

ಹೊಸಓದು

ಖಂಡಿತ ಸರ್. ವೆನಿಸ್-ಲಂಡನ್ ಲೆಕ್ಕವನ್ನು ಬೇರೆ ಬೇರೆ ದರ ಹಾಕಿ ಮಾಡಿ ನೋಡುತ್ತಿದ್ದೇನೆ. ಲಂಡನ್ ದರ 48 ಆದರೆ 1000 ಡ್ಯೂಕಾಟ್ ಹಾಕಿದವನಿಗೆ 979 ಮಾತ್ರ ವಾಪಸು ಬರುತ್ತದೆ, ಸರಿಯೇ?

ಜಮಾಖರ್ಚು

ಸರಿ. 47,000 ಭಾಗಿಸು 48, 979 ಮತ್ತು ಚಿಲ್ಲರೆ. ಹಾಗಾದಾಗ ಜಾಣ ವ್ಯಾಪಾರಿ ಹಣವನ್ನು ವೆನಿಸ್‌ಗೆ ತಿರುಗಿ ಬಿಲ್ ಮಾಡುತ್ತಿರಲಿಲ್ಲ. ಲಂಡನ್ನಿನಲ್ಲೇ ಉಣ್ಣೆ ಕೊಂಡು ಹಡಗಿಗೆ ಹಾಕುತ್ತಿದ್ದ.